ಪಠ್ಯವೂ ಅಲ್ಲದ, ಕಥೆಯೂ ಅಲ್ಲದ ಪುಸ್ತಕಗಳು

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳುಂಟು. ಪರೀಕ್ಷೆಗೆ ಬೇಕಾದ ಪುಸ್ತಕವನ್ನಷ್ಟೇ ಕೇಳುವವರದು ಒಂದು. ಬಸ್ಸಿನಲ್ಲಿ ಓದಿಕೊಳ್ಳಲು ಕಾದಂಬರಿ ಕೇಳುವವರದು ಇನ್ನೊಂದು. ಈ ಇಬ್ಬರೂ ಮುಟ್ಟದ ನಾಲ್ಕು ಬೀರುಗಳು ಹಿಂದಿನ ಗೋಡೆಗೆ ಒರಗಿ ನಿಂತಿವೆ. ಅವುಗಳಲ್ಲಿರುವುದು ಪಠ್ಯವಲ್ಲ, ಆದ್ದರಿಂದ ಅಂಕ ಬರುವುದಿಲ್ಲ. ಕಥೆಯಲ್ಲ, ಆದ್ದರಿಂದ ಹೊತ್ತು ಹೋಗುವುದಿಲ್ಲ ಎಂದು ನಮ್ಮವರ ಎಣಿಕೆ. ನಕ್ಷತ್ರ, ಹಣ, ಗಿಡಮರ, ಶಾಸನ, ಬಾಣಂತನ, ಒಬ್ಬ ಮನುಷ್ಯ ನಿಜವಾಗಿ ಬಾಳಿದ ಬಾಳು, ಇಂಥ ವಿಷಯಗಳನ್ನು ಪಂಡಿತರಲ್ಲದವರಿಗಾಗಿ ತಿಳಿದವರು ಬರೆದಿಟ್ಟ ಪುಸ್ತಕಗಳು ಅವು. ಎರಡು ವರ್ಷಗಳಿಂದ ನಾನು ಆ ಬೀರುಗಳ ಗಿರಾಕಿ. ಅವುಗಳನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ನಮ್ಮ ಹಿರಿಯ ಸಾಹಿತಿಗಳು ಇಂಥ ಬರವಣಿಗೆಯನ್ನು ಶಾಸ್ತ್ರಸಾಹಿತ್ಯವೆಂದು ಕರೆದರು. ಹೆಸರು ಘನವಾದದ್ದೇ. ಆದರೆ ನಮ್ಮ ಹಳ್ಳಿಗಳ ಕಡೆ ಶಾಸ್ತ್ರವೆಂದರೆ ಮದುವೆಮನೆಯಲ್ಲಿ ಹೆಂಗಸರು ಮಾಡುವುದು, ಇಲ್ಲವೆ ಕೈ ನೋಡಿ ಕಣಿ ಹೇಳುವುದು. ಈ ಪುಸ್ತಕಗಳ ಮೇಲೆ ಧೂಳು ಕೂರಲು ಹೆಸರೂ ಒಂದು ಕಾರಣವಾಗಿದ್ದೀತು. ತಿಳಿವಳಿಕೆಯ ಪುಸ್ತಕವೆಂದರೆ ಸಾಕೆಂದು ನನಗೆ ತೋರುತ್ತದೆ.

ನಾನು ಆ ಕಡೆ ತಿರುಗಿದ್ದಕ್ಕೆ ಒಂದು ಮನೆಯ ಕಾರಣವಿದೆ. ನಮ್ಮೂರು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮನೆಯಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಾಲೇಜಿನಲ್ಲಿ ದೊಡ್ಡ ಪುಸ್ತಕಗಳೆಲ್ಲ ಇಂಗ್ಲಿಷು. ಎರಡನೆಯ ವರ್ಷದ ಶುಲ್ಕವನ್ನು ಕೈಗಿಡುವಾಗ ನಮ್ಮ ತಂದೆ ಒಂದು ಮಾತು ಕೇಳಿದರು: ನೀನು ಓದುವುದರಲ್ಲಿ ನಮಗೆ ತಿಳಿಯುವಂಥದ್ದು ಏನಾದರೂ ಇದೆಯೇ? ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದರು. ರಾಜ್ಯಶಾಸ್ತ್ರದ ಟಿಪ್ಪಣಿಗಳನ್ನು ತಿರುವಿದೆ. ಅವರಿಗೆ ಹೇಳುವಂಥದ್ದು ಸಿಕ್ಕಲಿಲ್ಲ. ಅಂದಿನಿಂದ ಪುಸ್ತಕವನ್ನು ಆರಿಸುವಾಗ, ಇದನ್ನು ರಾತ್ರಿ ಊಟದ ಹೊತ್ತಿನಲ್ಲಿ ತೆಲುಗಿನಲ್ಲಿ ಹೇಳಬಹುದೇ ಎಂದು ನೋಡುವುದು ನನಗೆ ಅಭ್ಯಾಸವಾಯಿತು. ಓದುಬರಹವಿಲ್ಲದ ಆದರೆ ಬುದ್ಧಿಯುಳ್ಳ ಮನುಷ್ಯನ ಮುಂದೆ ನಿಲ್ಲಲಾರದ ಪುಸ್ತಕ ಸಾಮಾನ್ಯ ಓದುಗರಿಗೆ ಬರೆದದ್ದಲ್ಲವೆಂದೇ ನನ್ನ ಅಭಿಪ್ರಾಯ.

ಇಂಥ ಬರಹ ಕನ್ನಡಕ್ಕೆ ಹೊಸದೇನೂ ಅಲ್ಲ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ ಎಂಬ ಗ್ರಂಥವನ್ನು ಬರೆದನು. ಪದ್ಯರೂಪದ ಆ ಪುಸ್ತಕದಲ್ಲಿ ಮನೆ ಕಟ್ಟುವುದು, ಮರಗಿಡಗಳ ಆರೈಕೆ, ಅಡಿಗೆ, ಸುಗಂಧದ್ರವ್ಯ, ವಿಷಕ್ಕೆ ಮದ್ದು, ಶಕುನ ಮುಂತಾಗಿ ಗೃಹಸ್ಥನಿಗೆ ಬೇಕಾದದ್ದೆಲ್ಲ ಉಂಟು. ನೆಲದೊಳಗಿನ ನೀರನ್ನು ಗುರುತಿಸುವ ಬಗೆಗೇ ಒಂದು ಭಾಗವಿದೆ. ಸಾವಿರ ಅಡಿ ಕೊರೆದರೂ ಧೂಳೇ ಏಳುವ ಕೋಲಾರದವರಿಗೆ ಇದು ಬಾಯಲ್ಲಿ ನೀರೂರಿಸುವ ವಿಷಯ. ಅದರಲ್ಲಿನ ಗುರುತುಗಳನ್ನೆಲ್ಲ ಇಂದು ನಂಬಬೇಕೆಂದು ನಾನು ಹೇಳುತ್ತಿಲ್ಲ. ನೀರು, ಗಿಡ, ಅಡಿಗೆಗಳನ್ನು ಕುರಿತು ಜನರ ಮಾತಿನಲ್ಲಿ ಬರೆಯುವುದು ಒಬ್ಬ ಆಸ್ಥಾನ ಕವಿಗೆ ಸಾವಿರ ವರ್ಷದ ಹಿಂದೆ ಕೀಳೆನಿಸಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು.

ಹೊಸಗನ್ನಡದಲ್ಲಿ ಈ ಕೆಲಸಕ್ಕೆ ಮತ್ತೆ ಕೈಹಚ್ಚಿದವರು ಬೆಂಗಳೂರಿನ ಕೆಲವು ಅಧ್ಯಾಪಕರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ತೆಗೆದರು. ಅದು ನಡೆದದ್ದು ಎರಡೇ ವರ್ಷ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಅಲ್ಲಿಂದಾಚೆ ಬೆಲೆ ಉಳಿಯಲಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದವರು ಇನ್ನೊಂದು ದಾರಿ ಹಿಡಿದರು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಜನರಿಗೆ ತಿಳಿಯುವಂತೆ ಹೇಳುವುದು, ಆ ಉಪನ್ಯಾಸವನ್ನೇ ಪುಟ್ಟ ಪುಸ್ತಕವಾಗಿ ಅಗ್ಗದ ಬೆಲೆಗೆ ಅಚ್ಚು ಹಾಕಿಸುವುದು. ಹಳೆಯ ಪುಸ್ತಕದಂಗಡಿಗಳಲ್ಲಿ ಆ ಪ್ರಚಾರ ಪುಸ್ತಕಮಾಲೆಯ ಪುಸ್ತಿಕೆಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಎದುರಿಗೆ ಕೂತ ರೈತನ ಮುಖವನ್ನು ನೋಡಿಕೊಂಡು ಹೇಳಿದ ಮಾತಾದ್ದರಿಂದಲೋ ಏನೋ, ಅವುಗಳಲ್ಲಿ ವಾಕ್ಯಗಳು ತೊಡಕಿಲ್ಲದೆ ನಡೆಯುತ್ತವೆ. ಇನ್ನು ಶಿವರಾಮ ಕಾರಂತರು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’: ಒಂದು ಸಂಸ್ಥೆ ಮಾಡಬೇಕಾದ ಕೆಲಸವನ್ನು ಕಾಲೇಜು ಓದನ್ನು ನಡುವಿನಲ್ಲೇ ಬಿಟ್ಟ ಒಬ್ಬರು ಮಾಡಿ ಮುಗಿಸಿದರು.

ಇಷ್ಟು ಪೀಠಿಕೆ ಸಾಕು. ಬೀರುವಿಗೆ ಬರೋಣ.

ನಮ್ಮ ತಂದೆಯವರಿಗೆ ನಾನು ಮೊದಲು ಓದಿ ಹೇಳಿದ್ದು ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಮೆರಿಕದ ಕಡೆಯಿಂದ ಬಂದು ನಮ್ಮ ಅಡಿಗೆಮನೆಯನ್ನು ಸೇರಿಕೊಂಡ ಸಸ್ಯಗಳ ಕಥೆ ಅದು. ನಮ್ಮ ಮನೆಯಲ್ಲಿ ಅದನ್ನು ಕಥೆಯೆಂದು ಯಾರೂ ತಿಳಿಯಲಿಲ್ಲ, ವ್ಯವಹಾರವೆಂದೇ ತಿಳಿದರು. ಏಕೆಂದರೆ ಕೋಲಾರ ಜಿಲ್ಲೆಯ ಅರ್ಧ ಸುಖದುಃಖ ಟೊಮ್ಯಾಟೊ ಹಣ್ಣಿನದು. ಅದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸೀಮೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಹೋಯಿತು. ನಮ್ಮಲ್ಲಿಗೆ ಬಂದದ್ದು ಅದಕ್ಕೂ ಈಚೆಗೆ. ಕಡಲೆಕಾಯಿಯೂ ಅತ್ತಲಿನದೇ. ಮೆಣಸಿನಕಾಯಿಯನ್ನು ಕಡಲು ದಾಟಿಸಿ ತಂದವರು ಪೋರ್ಚುಗೀಸರು. ಅದು ಬರುವವರೆಗೆ ಕನ್ನಡಿಗರ ಖಾರವೆಲ್ಲ ಮೆಣಸಿನದು, ಅಂದರೆ ಈಗ ನಾವು ಕರಿಮೆಣಸೆನ್ನುವುದರದು. ಹೊಸಬ ಬಂದು ಹಳಬನ ಹೆಸರನ್ನು ಕಿತ್ತುಕೊಂಡ. ಹಳಬ ತನ್ನ ಹೆಸರಿಗೆ ‘ಕರಿ’ ಸೇರಿಸಿಕೊಳ್ಳಬೇಕಾಯಿತು.

ಇದನ್ನು ಹೇಳಿದ ರಾತ್ರಿ ನಮ್ಮ ಅಜ್ಜಿ ಬಹಳ ಹೊತ್ತು ಒಪ್ಪಲಿಲ್ಲ. ಮೆಣಸಿನಕಾಯಿ ಇಲ್ಲದ ಕಾಲದಲ್ಲಿ ದೃಷ್ಟಿ ತೆಗೆಯುತ್ತಿದ್ದುದು ಹೇಗೆಂದು ಆಕೆಯ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಇಲ್ಲ. ತಂದೆ ಮಾತ್ರ, ಟೊಮ್ಯಾಟೊ ಪರದೇಶದ್ದೆಂದು ಈಗ ತಿಳಿಯಿತು, ಅದಕ್ಕೇ ನಮ್ಮ ಮಾತು ಕೇಳುವುದಿಲ್ಲ ಎಂದರು. ಆಮೇಲೆ, ಹಾಗಾದರೆ ರಾಗಿ ನಮ್ಮದೇ ತಾನೇ ಎಂದು ಕೇಳಿದರು. ರಾಗಿಯೂ ಬಹು ಹಿಂದೆ ಆಫ್ರಿಕದಿಂದ ಬಂದದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದನ್ನು ಆ ದಿನವೇ ಹೇಳಲು ನನಗೆ ಮನಸ್ಸಾಗಲಿಲ್ಲ. ಒಂದು ವಾರ ಬಿಟ್ಟು ಹೇಳಿದೆ. ಇದೇ ಲೇಖಕರ ‘ಹಸುರು ಹೊನ್ನು’ ಎಂಬ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಗಿಡಗಳನ್ನು ಗುರುತಿಸಿದ ಪ್ರವಾಸಗಳ ಬರಹ, ಚಿತ್ರಗಳೂ ಅವರವೇ. ಎರಡರಲ್ಲಿ ಒಂದನ್ನೇ ಓದುವಷ್ಟು ಬಿಡುವಿದ್ದವರು ‘ಹಸುರು ಹೊನ್ನು’ ಓದಲಿ. ನಗು ಹೆಚ್ಚು ಅದರಲ್ಲಿ.

ಸ್ವಾಮಿಯವರು ಯಾರ ಮಗ ಎಂಬುದು ಮುಳಬಾಗಿಲಿನವರಿಗೆ ಹೆಮ್ಮೆಯ ವಿಷಯ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ನಮ್ಮ ತಾಲ್ಲೂಕಿನ ಕೇಂದ್ರವಾದ ಈ ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದ ಅವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಿ. ಲಿಟ್. ಪದವಿಯನ್ನು ಕೊಟ್ಟಿತು. ಡಿ. ವಿ. ಜಿ. ಎಂದೊಡನೆ ಎಲ್ಲರೂ ಕಗ್ಗವನ್ನು ನೆನೆಯುತ್ತಾರೆ. ಕಗ್ಗದ ಪದ್ಯಗಳನ್ನು ಗೋಡೆಗಳ ಮೇಲೆ ಬರೆಸಿರುವ ನಮ್ಮ ಜನ ಅವರ ಗದ್ಯವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಅವರು ಕಂಡ ದಿವಾನರು, ವಿದ್ವಾಂಸರು, ಸಂಗೀತಗಾರರು, ಊರಿನ ಹೆಸರಿಲ್ಲದ ಸಜ್ಜನರು ಸಾಲಾಗಿ ಬರುತ್ತಾರೆ. ಒಬ್ಬ ಮನುಷ್ಯನನ್ನು ಎರಡು ಪುಟದಲ್ಲಿ ಕಣ್ಣಮುಂದೆ ನಿಲ್ಲಿಸುವುದನ್ನು ಕಲಿಯಬೇಕಾದವರು ಅದನ್ನು ಓದಬೇಕು. ಬಸ್ಸಿಗೆ ಕಾಯುತ್ತ ನಾನು ನಿಲ್ಲುವ ಪೇಟೆ ಒಂದು ಕಾಲಕ್ಕೆ ಹೇಗಿತ್ತೆಂಬ ಕಲ್ಪನೆ ನನಗೆ ಬಂದದ್ದು ಅಲ್ಲಿಂದಲೇ.

ಆದರೂ ಒಂದು ಮಾತನ್ನು ಹೇಳಬೇಕು. ಆ ಚಿತ್ರಶಾಲೆಯ ಮುಳಬಾಗಿಲಿನಲ್ಲಿ ನಮ್ಮ ತಾತನಂಥವರಿಗೆ, ನಾನು ಓದಿದ ಮಟ್ಟಿಗೆ, ಜಗಲಿಯಿಂದಾಚೆಯೇ ಸ್ಥಳ. ಅದು ಲೇಖಕರ ತಪ್ಪೆನ್ನಲಾರೆ. ತಾವು ನಿಂತ ಜಾಗದಿಂದ ಕಂಡದ್ದನ್ನು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಬೀದಿಯ ಇನ್ನೊಂದು ತುದಿಯಿಂದ ಕಂಡದ್ದನ್ನು ಓದಲು ಇನ್ನೊಂದು ಪುಸ್ತಕ ಬೇಕು. ನನಗೆ ಸಿಕ್ಕಿದ್ದು ಸಿದ್ಧಲಿಂಗಯ್ಯನವರ ‘ಊರುಕೇರಿ’. ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಎಳೆಯುತ್ತಿರುವುದನ್ನೂ, ಅವರಲ್ಲಿ ಒಬ್ಬರು ತನ್ನ ತಂದೆಯೆಂಬುದನ್ನೂ ಆ ಪುಸ್ತಕದ ಹುಡುಗ ಕಾಣುತ್ತಾನೆ. ಅಳಬೇಕಾದಲ್ಲಿ ನಗಿಸುವ ಪುಸ್ತಕ ಅದು. ನಕ್ಕು ಮುಗಿಸಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ. ನಮ್ಮಂತೆ ಮನೆಗೆ ಮೊದಲ ಪದವೀಧರರಾಗುವವರಿಗೆ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯನ್ನೂ ಹೇಳುತ್ತೇನೆ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನ ಕಡೆಯ ಬಡ ಹುಡುಗ, ಕೈಯಲ್ಲಿ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಹೋಗಿ ಓದಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಅದರ ವಿಷಯ. ಬರವಣಿಗೆ ಒಣಗಿದ್ದು, ಜೀವನ ಹಾಗಲ್ಲ.

ಇನ್ನು ಕಲ್ಲುಗಳ ವಿಚಾರ. ಕುರುಡುಮಲೆಗೆ ಬರುವ ಯಾತ್ರಿಕರು 13 ಅಡಿಗೂ ಎತ್ತರವಾದ ಏಕಶಿಲೆಯ ಗಣಪತಿಯನ್ನು ನೋಡುತ್ತಾರೆ. ತ್ರಿಮೂರ್ತಿಗಳು ಅದನ್ನು ಸ್ಥಾಪಿಸಿದರೆಂದು ಸ್ಥಳಪುರಾಣ. ಸೋಮೇಶ್ವರ ದೇವಾಲಯದಲ್ಲಿ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಅವನ ಮಗನದು ಎಂದೂ ಕೇಳುತ್ತಾರೆ. ಈ ಕಥೆಗಳನ್ನು ಕೇಳಿಯೇ ನಾನು ಬೆಳೆದದ್ದು. ಅವುಗಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಅದೇ ನೆಲದ ಬಗೆಗೆ ಬೇರೊಂದು ರೀತಿಯ ಮಾತೂ ಉಂಟೆಂದು ತಿಳಿದದ್ದು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಿಂದ. ಕೋಲಾರ ಜಿಲ್ಲೆಯ ಶಾಸನಗಳೆಲ್ಲ ತಾಲ್ಲೂಕುವಾರಾಗಿ ಅದರಲ್ಲಿವೆ: ಕನ್ನಡ, ತಮಿಳು, ತೆಲುಗು, ಸಂಸ್ಕೃತ. ಗಂಗರು ಹೋಗಿ ಚೋಳರು, ಚೋಳರು ಹೋಗಿ ಹೊಯ್ಸಳರು, ಆಮೇಲೆ ವಿಜಯನಗರದವರು ಬಂದ ಸೀಮೆಯಾದ್ದರಿಂದ ಕಲ್ಲುಗಳೂ ಹಲವು ಭಾಷೆ ಆಡುತ್ತವೆ. ನಮ್ಮ ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವುದನ್ನು ಕಾಲೇಜಿನಲ್ಲಿ ಕೆಲವರು ಹಾಸ್ಯ ಮಾಡುವುದುಂಟು. ಆ ಸಂಪುಟವನ್ನು ನೋಡಿದ ಮೇಲೆ ಅದು ಈ ಊರುಗಳ ಹಳೆಯ ಪದ್ಧತಿಯೆಂದು ಹೇಳಲು ನನಗೆ ಸಾಧ್ಯವಾಯಿತು.

ರೈಸ್ ಅವರ ಸಂಪುಟ ವಿದ್ವಾಂಸರಿಗೆ. ನಮ್ಮಂಥವರಿಗೆ ದಾರಿ ತೋರಿಸುವುದು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. 1966ರಲ್ಲಿ ಬಂದ ಈ ಪುಸ್ತಕ ಸಂಶೋಧನ ಪ್ರಬಂಧವೇ ಆದರೂ, ವೀರಗಲ್ಲು, ಮಾಸ್ತಿಗಲ್ಲು, ಕೆರೆ, ದಾನ, ಬೇಟೆ ಮುಂತಾದವುಗಳನ್ನು ಕುರಿತು ಬಿ. ಎ. ವಿದ್ಯಾರ್ಥಿಗೆ ಎಟುಕುವಂತೆ ಬರೆದಿದ್ದಾರೆ. ನಮ್ಮ ಹೊಲದ ಬದುವಿನಲ್ಲಿ ಮೊಳಕಾಲುದ್ದ ಮಣ್ಣಿನಲ್ಲಿ ಹೂತ ಒಂದು ಕಲ್ಲಿದೆ. ಚಿಕ್ಕಂದಿನಿಂದ ಅದಕ್ಕೆ ಹಸು ಕಟ್ಟುತ್ತಿದ್ದೆವು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎಂದೂ, ಹೆಣ್ಣಿನ ಮೊರೆಗೆ ಪೆಣ್ಬುಯ್ಯಲ್ ಎಂದೂ ಶಾಸನಗಳಲ್ಲಿ ಹೆಸರು. ಇಂಥ ಸಂದರ್ಭಗಳಲ್ಲಿ ಕಾದಿ ಸತ್ತವರ ನೆನಪಿಗೆ ಈ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಪುಸ್ತಕ ಓದಿದ ಮೇಲೆ ತಂದೆಯೂ ನಾನೂ ಒಂದು ಭಾನುವಾರ ಮಣ್ಣು ಬಿಡಿಸಿ ನೋಡಿದೆವು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನ ಕಾಲಿನ ಬಳಿ ದನಗಳ ಸಾಲು. ಅಕ್ಷರವೇನೂ ಇರಲಿಲ್ಲ. ದನಕ್ಕಾಗಿ ಪ್ರಾಣ ಕೊಟ್ಟವನ ಕಲ್ಲಿಗೆ ಇಷ್ಟು ದಿನ ದನ ಕಟ್ಟಿದ್ದು ಸರಿಯೋ ತಪ್ಪೋ ಎಂದು ತಂದೆ ಯೋಚಿಸಿದರು. ಅವನಿಗೆ ಅದು ಸಂತೋಷವೇ ಆಗಿದ್ದೀತು ಎಂದು ತಾವೇ ತೀರ್ಮಾನಿಸಿದರು. ಹಗ್ಗ ಮಾತ್ರ ಈಗ ಪಕ್ಕದ ಹೊಂಗೆಮರಕ್ಕೆ ಹೋಗಿದೆ.

ಈ ಪುಸ್ತಕಗಳಲ್ಲಿ ಕೆಲವು ಪ್ರಾಣಕ್ಕೆ ಸಂಬಂಧಿಸಿದವು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಹೆಂಗಸರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದ ವಿಷಯಗಳನ್ನು ನೇರವಾಗಿ ಅಚ್ಚಿನಲ್ಲಿಟ್ಟರು. ಹೋದ ವರ್ಷ ನಮ್ಮ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕು, ಬಾಣಂತಿಗೆ ನೀರು ಕೊಡಬಾರದು ಎಂಬ ನಂಬಿಕೆ ನಮ್ಮ ಮನೆಯಲ್ಲಿಯೂ ಇತ್ತು. ಆ ಹಾಲೇ ಮಗುವಿಗೆ ರೋಗ ತಡೆಯುವ ಮೊದಲ ರಕ್ಷೆ, ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕು, ಹಾಲೂಡುವವಳಿಗೆ ನೀರು ಹೆಚ್ಚೇ ಬೇಕು ಎಂದು ಇಂದಿನ ವೈದ್ಯರೆಲ್ಲ ಹೇಳುತ್ತಾರೆ. ಆಶಾ ಕಾರ್ಯಕರ್ತೆಯೂ ಹೇಳಿದರು, ಅಜ್ಜಿ ಕಿವಿಗೊಡಲಿಲ್ಲ. ನಾನು ‘ತಾಯಿ ಮಗು’ವನ್ನು ತಂದು ಸಂಜೆಯ ಹೊತ್ತು ಗಟ್ಟಿಯಾಗಿ ಓದತೊಡಗಿದೆ. ಬರೆದವರು ಹೆಂಗಸು, ಅದರಲ್ಲೂ ಡಾಕ್ಟರು ಎಂಬುದು ಅಜ್ಜಿಯ ಮನಸ್ಸಿಗೆ ಹಿಡಿಯಿತು. ವಾದ ನಿಂತು ಪ್ರಶ್ನೆಗಳು ಆರಂಭವಾದವು. ಮಗು ಹುಟ್ಟಿದ ದಿನ ಆಕೆಯೇ ಅದನ್ನು ತಾಯಿಯ ಎದೆಗೆ ಇಟ್ಟಳು.

ಹಾಗೆಂದು ಹಳೆಯ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬಾರದು. ಕಾವ್ಯ ಮುಪ್ಪಾಗುವುದಿಲ್ಲ, ತಿಳಿವಳಿಕೆಯ ಪುಸ್ತಕ ಮುಪ್ಪಾಗುತ್ತದೆ. ಔಷಧಿಯ ಪ್ರಮಾಣ, ಲಸಿಕೆಯ ವೇಳೆ ಮುಂತಾದವನ್ನು ಇಂದಿನ ವೈದ್ಯರಲ್ಲೇ ಕೇಳಬೇಕು. 2006ಕ್ಕೆ ಹಿಂದಿನ ಖಗೋಳದ ಪುಸ್ತಕಗಳಲ್ಲಿ ಗ್ರಹಗಳು ಒಂಬತ್ತು. ಆ ವರ್ಷ ಪ್ಲೂಟೊವನ್ನು ಪಟ್ಟಿಯಿಂದ ಬಿಟ್ಟರು. ಆದರೂ ಆರ್. ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’ ಓದುವಾಗ ಲೆಕ್ಕ ಹಳೆಯದಾದರೂ ವಿವರಿಸುವ ರೀತಿ ಹಳೆಯದಾಗಿಲ್ಲ. ಆದ್ದರಿಂದ ಪುಸ್ತಕ ಕೈಗೆ ಬಂದೊಡನೆ ಅಚ್ಚಾದ ವರ್ಷವನ್ನು ನೋಡಿ. ಆಮೇಲೆ ನಡುವಿನ ಒಂದು ಪುಟವನ್ನು ತೆರೆದು ಓದಿ. ಲೇಖಕರು ಹೊಸ ಪದವನ್ನು ಬಳಸಿದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆಯೇ, ತಿಳಿದದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಿದ್ದಾರೆಯೇ ಎಂದು ಗಮನಿಸಿದರೆ ಸಾಕು. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಇಳಿಸಿದ ಪುಸ್ತಕಗಳು ಮೊದಲ ಪ್ಯಾರಾದಲ್ಲೇ ಸಿಕ್ಕಿಬೀಳುತ್ತವೆ.

ಕೊರತೆಗಳೂ ಉಂಟು. ವಿ. ಸೀತಾರಾಮಯ್ಯನವರು ‘ಹಣಪ್ರಪಂಚ’ವನ್ನು ಬರೆದು ಎಷ್ಟೋ ಕಾಲವಾಯಿತು. ಇಂದಿನ ಬ್ಯಾಂಕು, ವಿಮೆ, ಮಹಿಳಾ ಸಂಘದ ಸಾಲ, ಮಂಡಿಯ ಹರಾಜು ಇವುಗಳನ್ನು ಅದೇ ನೆಮ್ಮದಿಯಿಂದ ಹೇಳುವ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಪಹಣಿ, ಪೋಡಿ, ಹೆಣ್ಣುಮಕ್ಕಳ ಆಸ್ತಿಯ ಹಕ್ಕು ಇವುಗಳ ಮೇಲೆ ಇರುವುದು ಕಾನೂನಿನ ಭಾಷೆಯ ಕೈಪಿಡಿಗಳು. ಅವನ್ನು ಓದಿಸಲು ಮತ್ತೆ ವಕೀಲರ ಬಳಿಗೇ ಹೋಗಬೇಕು. ಇನ್ನು ಸ್ಪರ್ಧಾತ್ಮಕ ಪರೀಕ್ಷೆಗಳ ಸಾಮಾನ್ಯ ಜ್ಞಾನದ ಪುಸ್ತಕಗಳು ಈಗ ಎಲ್ಲ ಕಪಾಟುಗಳನ್ನೂ ತುಂಬಿವೆ. ನಾನೂ ಓದುತ್ತೇನೆ, ಕೆಲಸ ಬೇಕಲ್ಲ. ‘ಹಸುರು ಹೊನ್ನು’ವಿಗೆ ಪ್ರಶಸ್ತಿ ಬಂದ ವರ್ಷ ಅವುಗಳಲ್ಲಿ ಇರುತ್ತದೆ, ಅದರಲ್ಲಿ ಏನಿದೆಯೆಂಬುದು ಇರುವುದಿಲ್ಲ.

ಪುಸ್ತಕ ಕೊಳ್ಳಲು ಹಣವೆಲ್ಲಿ ಎಂದು ಕೇಳುವವರಿಗೆ ಒಂದು ಸಂಗತಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರಿಂದ ಕಾಯಿದೆಯೇ ಇದೆ. ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ರಸೀತಿಯನ್ನು ನೋಡಿದರೆ ತಿಳಿಯುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ನಮ್ಮ ಕಡೆ ಸಂಜೆಯ ಹೊತ್ತು ಅಲ್ಲಿ ಕೂತು ಪತ್ರಿಕೆ ಓದುವವರು ಗಂಡಸರೇ. ಹೆಣ್ಣುಮಕ್ಕಳು ಹೋಗಿ ಕೂರುವ ರೂಢಿ ಇನ್ನೂ ಬಂದಿಲ್ಲ. ಸದಸ್ಯತ್ವ ಪಡೆದು ಮನೆಗೆ ಪುಸ್ತಕ ತರಲು ಅದು ಅಡ್ಡಿಯಲ್ಲ. ನಮ್ಮ ಓಣಿಯಲ್ಲಿ ನಾವು ಐದು ಜನ ಹಾಗೆ ತರುತ್ತೇವೆ, ಬದಲಾಯಿಸಿಕೊಳ್ಳುತ್ತೇವೆ.

ಕೊನೆಯದಾಗಿ ನಮ್ಮ ಕಾಲೇಜಿನ ಮೊದಲ ಮತ್ತು ಎರಡನೆಯ ವರ್ಷದವರಿಗೆ: ಹಿಂದಿನ ಗೋಡೆಯ ಬೀರುಗಳ ಬೀಗದ ಕೈ ಗ್ರಂಥಪಾಲಕರ ಮೇಜಿನ ಬಲಗಡೆಯ ಖಾನೆಯಲ್ಲಿರುತ್ತದೆ, ಕೇಳಿದರೆ ಕೊಡುತ್ತಾರೆ. ಮೂರನೆಯ ಬೀರುವಿನ ಕೆಳಗಿನ ಅಂತಸ್ತಿನಲ್ಲಿ ಸ್ವಾಮಿಯವರ ಪುಸ್ತಕಗಳಿವೆ. ‘ತಾಯಿ ಮಗು’ವಿನ ಪ್ರತಿ ಒಂದೇ ಇರುವುದು, ಅದು ಸದ್ಯ ನಮ್ಮ ಎದುರುಮನೆಯ ಸೊಸೆಯ ಬಳಿ ಇದೆ, ಪರೀಕ್ಷೆಗೆ ಮುಂಚೆ ಹಿಂದಿರುಗುತ್ತದೆ.